ದಾಸ್ಯವೂ ಒಕ್ಕೂಟವೂ: ಇಲಿನಾಯ್ ಸಂಸ್ಥಾನದ ಏಳು ಸಭೆಗಳು



೧೮೫೮ನೆಯ ಇಸವಿ ಆಗಸ್ಟ್ ೨೧ನೆಯ ತಾರೀಖು ಶನಿವಾರ, ಅಮೆರಿಕದ ಇಲಿನಾಯ್ ಸಂಸ್ಥಾನದ ಆಟವಾ ಎಂಬ ಚಿಕ್ಕ ಪಟ್ಟಣದಲ್ಲಿ ಸುಮಾರು ಹತ್ತು ಸಾವಿರ ಜನ ನೆರೆದಿದ್ದರು. ರೈಲಿನಲ್ಲಿ ಬಂದವರು ಕೆಲವರು, ಕಾಲುವೆಯ ದೋಣಿಗಳಲ್ಲಿ ಬಂದವರು ಕೆಲವರು. ಉಳಿದವರೆಲ್ಲ ಸುತ್ತಣ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡೋ, ಕುದುರೆಯೇರಿಯೋ, ನಡೆದೋ ಬಂದವರು. ನೆರಳಿಲ್ಲದ ಚೌಕದಲ್ಲಿ, ಬೇಸಗೆಯ ಬಿಸಿಲಿನಲ್ಲಿ, ಬಹುಮಂದಿ ಕುಳಿತುಕೊಳ್ಳುವುದಕ್ಕೂ ಸ್ಥಳವಿಲ್ಲದೆ, ಮೂರು ಗಂಟೆಗಳ ಕಾಲ ನಿಂತು ಇಬ್ಬರು ಮನುಷ್ಯರ ವಾದವನ್ನು ಕೇಳಿದರು. ಅವರು ಕೇಳಿದ್ದು ಕಥೆಯಲ್ಲ, ಸಂಗೀತವಲ್ಲ, ಧರ್ಮೋಪದೇಶವೂ ಅಲ್ಲ. ಪಶ್ಚಿಮ ದಿಕ್ಕಿನಲ್ಲಿ ಆಗತಾನೆ ಜನ ಒಕ್ಕಲಾಗುತ್ತಿದ್ದ ಹೊಸ ಸೀಮೆಗಳಿಗೆ ಗುಲಾಮಗಿರಿಯನ್ನು ಒಯ್ಯಬಹುದೇ ಒಯ್ಯಬಾರದೇ ಎಂಬ ಕಾನೂನಿನ ಜಿಜ್ಞಾಸೆಯನ್ನು ಅವರು ಕೇಳಿದರು.

ವಾದಿಗಳಲ್ಲಿ ಒಬ್ಬನು ಸ್ಟೀಫನ್ ಡಗ್ಲಸ್. ವಯಸ್ಸು ೪೫. ಹನ್ನೊಂದು ವರ್ಷಗಳಿಂದ ಸೆನೆಟ್ ಸಭೆಯ ಸದಸ್ಯ, ಡೆಮೊಕ್ರಾಟ್ ಪಕ್ಷದ ಹಿರಿಯ ತಲೆಗಳಲ್ಲಿ ಒಬ್ಬ. ಎತ್ತರ ಐದು ಅಡಿ ನಾಲ್ಕು ಅಂಗುಲ. ಆದರೆ ಅಗಲವಾದ ಭುಜ, ದೊಡ್ಡ ತಲೆ, ಗುಡುಗಿನಂಥ ಕಂಠ. ‘ಪುಟ್ಟ ದೈತ್ಯ’ನೆಂದು ಜನ ಅವನನ್ನು ಕರೆಯುತ್ತಿದ್ದರು. ಇನ್ನೊಬ್ಬನು ಏಬ್ರಹಾಂ ಲಿಂಕನ್. ವಯಸ್ಸು ೪೯, ಎತ್ತರ ಆರು ಅಡಿ ನಾಲ್ಕು ಅಂಗುಲ. ಸ್ಪ್ರಿಂಗ್‌ಫೀಲ್ಡಿನಲ್ಲಿ ವಕೀಲ. ಪ್ರತಿನಿಧಿಸಭೆಯಲ್ಲಿ ಎರಡೇ ವರ್ಷ ಇದ್ದು ಹಿಂದಿರುಗಿ ಒಂಬತ್ತು ವರ್ಷ ಕಳೆದಿದ್ದಿತು. ಅವನ ಕಂಠ ಸಣ್ಣದು, ತುಸು ಕೀರಲು. ಆದರೆ ಬಯಲಿನಲ್ಲಿ ಬಹುದೂರ ಕೇಳಿಸುವಂಥದು. ಡಗ್ಲಸನು ತನಗಾಗಿಯೇ ಅಣಿಮಾಡಿದ ರೈಲುಬಂಡಿಯಲ್ಲಿ, ಹಿಂದೆ ಒಂದು ಹಿತ್ತಾಳೆಯ ಫಿರಂಗಿಯನ್ನು ಹೂಡಿಕೊಂಡು, ಊರು ಸಮೀಪಿಸಿದಾಗ ಅದನ್ನು ಹಾರಿಸುತ್ತ ಬರುತ್ತಿದ್ದನು. ಲಿಂಕನ್ನನು ಸಾಮಾನ್ಯ ಗಾಡಿಯಲ್ಲಿ ಚೀಟಿ ಪಡೆದು ಬರುತ್ತಿದ್ದನು.

ಇಬ್ಬರೂ ಅಪೇಕ್ಷಿಸಿದ್ದು ಒಂದೇ ಸೆನೆಟ್ ಸ್ಥಾನ. ಇದರಲ್ಲಿ ಒಂದು ಸ್ವಾರಸ್ಯ ಉಂಟು. ಆ ಕಾಲದಲ್ಲಿ ಸೆನೆಟ್ಟಿಗೆ ಸದಸ್ಯರನ್ನು ಆರಿಸುತ್ತಿದ್ದವರು ಪ್ರಜೆಗಳಲ್ಲ, ಸಂಸ್ಥಾನದ ಶಾಸನಸಭೆಯವರು. ಪ್ರಜೆಗಳೇ ನೇರವಾಗಿ ಆರಿಸುವ ಪದ್ಧತಿ ೧೯೧೩ರಲ್ಲಿ ಬಂದಿತು. ಹೀಗಾಗಿ ಆಟವಾದ ಬಿಸಿಲಿನಲ್ಲಿ ನಿಂತ ರೈತನಿಗೆ ಲಿಂಕನ್ನನಿಗಾಗಲಿ ಡಗ್ಲಸನಿಗಾಗಲಿ ಮತ ಕೊಡುವ ಅವಕಾಶವೇ ಇರಲಿಲ್ಲ. ಆದರೂ ಅವನು ಬಂದನು. ಪ್ರಶ್ನೆ ಅಷ್ಟು ಹತ್ತಿರಕ್ಕೆ ಬಂದಿದ್ದಿತು.

ಆ ಪ್ರಶ್ನೆಯ ಬೇರನ್ನು ಹುಡುಕಬೇಕಾದರೆ ನಾವು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಇಲ್ಲಿ ‘ಸಂಸ್ಥಾನ’ವೆಂದರೆ ಅರಸರು ಆಳುವ ನಾಡೆಂದು ಭಾವಿಸಬಾರದು. ಇಂಗ್ಲೆಂಡಿನ ಅಧಿಕಾರವನ್ನು ಕಿತ್ತೊಗೆದ ಹದಿಮೂರು ವಸಾಹತುಗಳು ತಮ್ಮ ತಮ್ಮ ಒಳಾಡಳಿತವನ್ನು ಉಳಿಸಿಕೊಂಡೇ ಒಂದು ಒಕ್ಕೂಟವಾಗಿ ಸೇರಿದವು. ಆ ಒಕ್ಕೂಟದ ಅಂಗಗಳಿಗೆ ಈ ಹೆಸರು. ೧೭೮೭ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ಕುಳಿತು ಅವರು ರಚಿಸಿದ ರಾಜ್ಯಾಂಗಪತ್ರದಲ್ಲಿ ‘ಗುಲಾಮ’ ಎಂಬ ಶಬ್ದವನ್ನು ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ಶಬ್ದವಿಲ್ಲ, ವಸ್ತು ಉಂಟು. ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಸ್ವತಂತ್ರರನ್ನು ಪೂರ್ತಿಯಾಗಿಯೂ ‘ಇತರ ವ್ಯಕ್ತಿಗಳ’ನ್ನು ಐದರಲ್ಲಿ ಮೂರು ಪಾಲಾಗಿಯೂ ಎಣಿಸತಕ್ಕದ್ದೆಂದು ಒಂದು ಕಡೆ, ಅಂಥವರನ್ನು ಹೊರಗಿನಿಂದ ತರುವುದನ್ನು ೧೮೦೮ಕ್ಕೆ ಮುಂಚೆ ಕಾಂಗ್ರೆಸ್ಸು ನಿಷೇಧಿಸಕೂಡದೆಂದು ಮತ್ತೊಂದು ಕಡೆ, ಸೇವೆಗೆ ಕಟ್ಟುಬಿದ್ದ ವ್ಯಕ್ತಿ ಓಡಿಹೋದರೆ ಒಡೆಯನಿಗೆ ಒಪ್ಪಿಸತಕ್ಕದ್ದೆಂದು ಇನ್ನೊಂದು ಕಡೆ. ಮನೆಯಲ್ಲಿ ನಾಚಿಕೆಗೇಡಿನ ರೋಗವಿದ್ದರೆ ಅದರ ಹೆಸರನ್ನು ನೆಂಟರ ಮುಂದೆ ಎತ್ತದಿರುವಂತೆ ಆ ಮಹನೀಯರು ನಡೆದುಕೊಂಡರು. ಅವರಲ್ಲಿ ಹಲವರು ತಾವೇ ಗುಲಾಮರ ಒಡೆಯರು. ಕಾಲಕ್ರಮದಲ್ಲಿ ಇದು ತಾನಾಗಿಯೇ ನಶಿಸಿಹೋಗುವುದೆಂದು ಅವರಲ್ಲಿ ಅನೇಕರು ನಂಬಿದ್ದರು. ಹಾಗೆ ನಂಬುವುದಕ್ಕೆ ಆಗ ಕಾರಣವೂ ಇದ್ದಿತು. ಅದೇ ೧೭೮೭ರಲ್ಲಿ ಒಹಾಯೊ ನದಿಯ ವಾಯವ್ಯ ಸೀಮೆಯಲ್ಲೆಲ್ಲ ಗುಲಾಮಗಿರಿ ಕೂಡದೆಂದು ವಿಧಿಸಿದ್ದರು. ಇಲಿನಾಯ್ ಆ ಸೀಮೆಯ ಒಂದು ತುಂಡು.

ನಂಬಿಕೆಯನ್ನು ಸುಳ್ಳುಮಾಡಿದ್ದು ಹತ್ತಿ. ೧೭೯೩ರಲ್ಲಿ ಈಲೈ ವಿಟ್ನಿ ಎಂಬವನು ಅರಳೆಯಿಂದ ಬೀಜವನ್ನು ಬಿಡಿಸುವ ಯಂತ್ರವನ್ನು ಕಟ್ಟಿದನು. ಕೈಯಿಂದ ಬಿಡಿಸುವಾಗ ಒಬ್ಬ ಆಳು ದಿನವೆಲ್ಲ ದುಡಿದರೂ ದೊರೆಯದಷ್ಟು ಅರಳೆ ಈಗ ಕೆಲವೇ ಗಂಟೆಗಳಲ್ಲಿ ದೊರೆಯಿತು. ಲ್ಯಾಂಕಷೈರಿನ ಗಿರಣಿಗಳು ಎಷ್ಟಿದ್ದರೂ ಬೇಕೆನ್ನುತ್ತಿದ್ದವು. ಬಿತ್ತುವುದಕ್ಕೂ ಬಿಡಿಸುವುದಕ್ಕೂ ಆಳು ಬೇಕಾಗಿದ್ದಿತು, ಭೂಮಿ ಬೇಕಾಗಿದ್ದಿತು. ೧೭೯೦ರ ಖಾನೇಷುಮಾರಿಯಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರ ಸಂಖ್ಯೆ ೧೮೬೦ರ ವೇಳೆಗೆ ಮೂವತ್ತೊಂಬತ್ತು ಲಕ್ಷವನ್ನು ಮೀರಿತು. ಆ ದೇಶದಿಂದ ಹೊರಕ್ಕೆ ಹೋಗುವ ಸರಕುಗಳ ಒಟ್ಟು ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೊಂದರದೇ ಆಯಿತು. ಈ ಹತ್ತಿಯ ಎಳೆ ನಮ್ಮ ನಾಡನ್ನೂ ತಟ್ಟಿತು. ಅಮೆರಿಕದ ಬೀಜವನ್ನು ಧಾರವಾಡದ ಎರೆಭೂಮಿಯಲ್ಲಿ ಬಿತ್ತಿಸಲು ಈಸ್ಟ್ ಇಂಡಿಯಾ ಕಂಪೆನಿಯವರು ೧೮೪೦ರ ದಶಕದಲ್ಲಿ ಪ್ರಯತ್ನಪಟ್ಟರು. ‘ಧಾರವಾಡ ಅಮೆರಿಕನ್’ ಎಂಬ ತಳಿಯ ಹೆಸರು ಅಂದಿನದು. ಮುಂದೆ ಯುದ್ಧ ಹತ್ತಿ ಅಮೆರಿಕದ ಅರಳೆ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಕಾಣದ ಬೆಲೆ ಬಂದಿತು. ೧೮೬೫ರಲ್ಲಿ ಶಾಂತಿಯಾದೊಡನೆ ಆ ಬೆಲೆ ಕುಸಿಯಿತು. ಒಬ್ಬರ ಯುದ್ಧ ಮತ್ತೊಬ್ಬರ ಸುಗ್ಗಿಯಾಗುವುದು ಚರಿತ್ರೆಯಲ್ಲಿ ಅಪೂರ್ವವೇನಲ್ಲ.

ಉತ್ತರದ ಸಂಸ್ಥಾನಗಳು ಒಂದೊಂದಾಗಿ ಗುಲಾಮಗಿರಿಯನ್ನು ತೆಗೆದುಹಾಕಿದವು. ದಕ್ಷಿಣದವು ಅದನ್ನೇ ಆಧಾರಸ್ತಂಭ ಮಾಡಿಕೊಂಡವು. ಪಶ್ಚಿಮದ ಭೂಮಿ ಹೊಸ ಸಂಸ್ಥಾನವಾಗಿ ಒಕ್ಕೂಟಕ್ಕೆ ಸೇರುವಾಗಲೆಲ್ಲ, ಅದು ಯಾವ ಪಂಕ್ತಿಗೆ ಸೇರಬೇಕೆಂಬ ಜಗಳ. ಸೆನೆಟ್ಟಿನಲ್ಲಿ ಪ್ರತಿ ಸಂಸ್ಥಾನಕ್ಕೂ ಎರಡೆರಡು ಸ್ಥಾನ. ತಕ್ಕಡಿ ಒಂದು ಕಡೆ ವಾಲಿದರೆ ಸಾಕು, ಇನ್ನೊಂದು ಕಡೆಯವರಿಗೆ ನಿದ್ರೆಯಿಲ್ಲ. ೧೮೨೦ರಲ್ಲಿ ಮಿಸ್ಸೂರಿಯನ್ನು ಗುಲಾಮ ಸಂಸ್ಥಾನವಾಗಿಯೂ ಮೇನ್ ಪ್ರಾಂತವನ್ನು ಸ್ವತಂತ್ರ ಸಂಸ್ಥಾನವಾಗಿಯೂ ಸೇರಿಸಿಕೊಂಡು, ಉಳಿದ ಪಶ್ಚಿಮ ಸೀಮೆಯಲ್ಲಿ ಅಕ್ಷಾಂಶ ೩೬ ಡಿಗ್ರಿ ೩೦ ಮಿನಿಟಿನ ಉತ್ತರಕ್ಕೆ ಗುಲಾಮಗಿರಿ ಇರಕೂಡದೆಂದು ಗೆರೆ ಎಳೆದರು. ಸ್ವಾತಂತ್ರ್ಯಘೋಷಣೆಯನ್ನು ಬರೆದ ಜೆಫರ್ಸನ್ನನು ಆಗ ಮುದುಕನಾಗಿ ತನ್ನ ಮನೆಯಲ್ಲಿದ್ದನು. ಈ ಸುದ್ದಿ ತನ್ನನ್ನು ನಡುರಾತ್ರಿಯ ಬೆಂಕಿಯ ಗಂಟೆಯಂತೆ ಬೆಚ್ಚಿಬೀಳಿಸಿತೆಂದು ಅವನು ಒಬ್ಬ ಸ್ನೇಹಿತನಿಗೆ ಬರೆದನು. ಮನುಷ್ಯರೆಲ್ಲರೂ ಸಮಾನರೆಂದು ಬರೆದ ಆ ಕೈಯೇ ನೂರಾರು ಗುಲಾಮರ ಲೆಕ್ಕವನ್ನೂ ಇಟ್ಟಿದ್ದಿತು.

೧೮೩೦ರ ಜನವರಿಯಲ್ಲಿ ಸೆನೆಟ್ ಸಭೆಯಲ್ಲಿ ಪಶ್ಚಿಮದ ಸರ್ಕಾರಿ ಭೂಮಿಯ ಮಾರಾಟದ ವಿಚಾರವಾಗಿ ಎದ್ದ ಚರ್ಚೆ ಎಲ್ಲಿಂದ ಎಲ್ಲಿಗೋ ಹೋಗಿ, ಒಕ್ಕೂಟವೆಂದರೆ ಏನು ಎಂಬಲ್ಲಿಗೆ ಬಂದು ನಿಂತಿತು. ದಕ್ಷಿಣ ಕೆರೊಲಿನದ ಹೇನ್ ಎಂಬವನು, ಒಕ್ಕೂಟ ಸಂಸ್ಥಾನಗಳು ಮಾಡಿಕೊಂಡ ಕರಾರು, ಕರಾರು ಮೀರಿದ ಕಾನೂನನ್ನು ಸಂಸ್ಥಾನವು ತಡೆಯಬಹುದು ಎಂದು ವಾದಿಸಿದನು. ಮಸಚೂಸೆಟ್ಸಿನ ಡೇನಿಯಲ್ ವೆಬ್‌ಸ್ಟರನು, ಇದು ಸಂಸ್ಥಾನಗಳ ಕರಾರಲ್ಲ, ಜನರು ತಮಗಾಗಿ ತಾವೇ ಕಟ್ಟಿಕೊಂಡ ಸರ್ಕಾರ, ಸ್ವಾತಂತ್ರ್ಯವನ್ನೂ ಒಕ್ಕೂಟವನ್ನೂ ಬೇರ್ಪಡಿಸಲಾಗದು ಎಂದು ಉತ್ತರ ಕೊಟ್ಟನು. ಆ ಭಾಷಣವನ್ನು ತಲೆಮಾರುಗಳ ಕಾಲ ಉತ್ತರದ ಶಾಲೆಗಳಲ್ಲಿ ಬಾಲಕರು ಬಾಯಿಪಾಠ ಮಾಡಿದರು. ಉಪಾಧ್ಯಕ್ಷನಾಗಿ ಸಭಾಪೀಠದಲ್ಲಿ ಕುಳಿತು ಮೌನವಾಗಿ ಕೇಳುತ್ತಿದ್ದವನು ಹೇನನ ವಾದಕ್ಕೆಲ್ಲ ಮೂಲಗುರುವಾದ ಜಾನ್ ಕ್ಯಾಲ್‌ಹೂನ್.

ಇತ್ತ ಪ್ರತಿನಿಧಿಸಭೆಯವರು ಮಾಡಿದ ಉಪಾಯವನ್ನು ನೋಡಿ. ಗುಲಾಮಗಿರಿಯನ್ನು ವಿರೋಧಿಸಿ ಜನರು ಕಳುಹಿಸುವ ಅರ್ಜಿಗಳನ್ನು ಓದದೆ, ಚರ್ಚಿಸದೆ ಮೂಲೆಗಿಡತಕ್ಕದ್ದೆಂದು ೧೮೩೬ರಲ್ಲಿ ನಿರ್ಣಯ ಮಾಡಿದರು. ಒಕ್ಕೂಟದ ಶಾಂತಿಗಾಗಿ ಮೌನ! ಹಿಂದೆ ದೇಶದ ಅಧ್ಯಕ್ಷನಾಗಿದ್ದು ಆಮೇಲೆ ಸಾಮಾನ್ಯ ಪ್ರತಿನಿಧಿಯಾಗಿ ಬಂದಿದ್ದ ಜಾನ್ ಕ್ವಿನ್ಸಿ ಆಡಮ್ಸನು ಈ ಬಾಯಿಬೀಗದ ವಿರುದ್ಧ ವರ್ಷವರ್ಷವೂ ಹೋರಾಡಿ ೧೮೪೪ರಲ್ಲಿ ಅದನ್ನು ಮುರಿಸಿದನು. ನಮ್ಮ ಅಭಿಪ್ರಾಯದಲ್ಲಿ, ಉತ್ತರದ ಸಾಮಾನ್ಯ ಗೃಹಸ್ಥನನ್ನು ಎಬ್ಬಿಸಿದ್ದು ದೂರದ ಗುಲಾಮನ ಗೋಳಿಗಿಂತ ಹೆಚ್ಚಾಗಿ ತನ್ನ ಅರ್ಜಿಗೆ ಬಿದ್ದ ಈ ಬೀಗ.

ಮೆಕ್ಸಿಕೋ ದೇಶದೊಡನೆ ಯುದ್ಧ ಮಾಡಿ ೧೮೪೮ರಲ್ಲಿ ವಿಸ್ತಾರವಾದ ಭೂಮಿಯನ್ನು ಪಡೆದ ಮೇಲೆ ಹಳೆಯ ಜಗಳ ಹೊಸದಾಯಿತು. ೧೮೫೦ರಲ್ಲಿ ವೃದ್ಧನಾದ ಹೆನ್ರಿ ಕ್ಲೇ ಒಂದು ಸಂಧಾನವನ್ನು ಮುಂದಿಟ್ಟನು. ಮಾರ್ಚ್ ೪ರಂದು ಕ್ಯಾಲ್‌ಹೂನನು ಕಂಬಳಿ ಹೊದ್ದು ಸಭೆಗೆ ಬಂದನು, ಮಾತನಾಡುವ ಶಕ್ತಿಯಿರಲಿಲ್ಲ, ಅವನ ಭಾಷಣವನ್ನು ವರ್ಜೀನಿಯದ ಮೇಸನ್ ಎಂಬವನು ಓದಿದನು. ಆ ತಿಂಗಳ ಕೊನೆಯಲ್ಲಿ ಅವನು ತೀರಿಕೊಂಡನು. ಮಾರ್ಚ್ ೭ರಂದು ವೆಬ್‌ಸ್ಟರನು ಒಕ್ಕೂಟದ ಹೆಸರಿನಲ್ಲಿ ಸಂಧಾನವನ್ನು ಬೆಂಬಲಿಸಿ ತನ್ನ ಊರಿನವರ ತಿರಸ್ಕಾರವನ್ನು ಸಂಪಾದಿಸಿದನು. ಆದರೆ ಮಸೂದೆಯನ್ನು ತುಂಡುತುಂಡಾಗಿ ಮಾಡಿ, ಪ್ರತಿ ತುಂಡಿಗೂ ಬೇರೆ ಬೇರೆ ಬಹುಮತವನ್ನು ಕೂಡಿಸಿ ಗಟ್ಟಿಮಾಡಿದ ಚತುರನು ನಮ್ಮ ಡಗ್ಲಸನು. ಕ್ಯಾಲಿಫೋರ್ನಿಯ ಸ್ವತಂತ್ರ ಸಂಸ್ಥಾನವಾಯಿತು. ಪ್ರತಿಯಾಗಿ ದಕ್ಷಿಣಕ್ಕೆ ಓಡಿಹೋದ ಗುಲಾಮರನ್ನು ಹಿಡಿಯುವ ಕಠಿಣ ಕಾನೂನು ದೊರೆಯಿತು.

ಆ ಕಾನೂನಿನಲ್ಲಿ ಒಂದು ಸಣ್ಣ ಷರತ್ತು ಉಂಟು. ನೂರು ಭಾಷಣಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಹಿಡಿದು ತಂದ ವ್ಯಕ್ತಿಯು ಗುಲಾಮನೇ ಅಲ್ಲವೇ ಎಂದು ನಿರ್ಣಯಿಸುವ ಕಮಿಷನರಿಗೆ, ಒಡೆಯನ ಪರವಾಗಿ ತೀರ್ಪಿತ್ತರೆ ೧೦ ಡಾಲರು, ಹಿಡಿಸಿಕೊಂಡವನನ್ನು ಬಿಟ್ಟರೆ ೫ ಡಾಲರು. ಮೊದಲನೆಯದಕ್ಕೆ ಕಾಗದಪತ್ರದ ಕೆಲಸ ಹೆಚ್ಚೆಂಬುದು ಸಮರ್ಥನೆ. ಹಿಡಿಸಿಕೊಂಡವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ಪಂಚಾಯತರ ಮುಂದೆ ವಿಚಾರಣೆಯಿಲ್ಲ. ದಾರಿಹೋಕನನ್ನು ಕರೆದು ಹಿಡಿಯಲು ನೆರವಾಗೆಂದರೆ ಅವನು ನೆರವಾಗಬೇಕು. ಅಡಗಿಸಿಟ್ಟವನಿಗೆ ಸಾವಿರ ಡಾಲರಿನವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಸಂಸ್ಥಾನಗಳ ಹಕ್ಕನ್ನು ಕುರಿತು ಅಷ್ಟು ಮಾತನಾಡುತ್ತಿದ್ದ ದಕ್ಷಿಣದವರು, ಉತ್ತರದ ಸಂಸ್ಥಾನಗಳ ಬೀದಿಗಳಲ್ಲಿ ಕೇಂದ್ರ ಸರ್ಕಾರದ ಕೈ ಇಷ್ಟು ಉದ್ದವಾಗಬೇಕೆಂದು ಕೇಳಿದ್ದನ್ನು ಗಮನಿಸತಕ್ಕದ್ದು.

೧೮೫೪ರಲ್ಲಿ ಡಗ್ಲಸನು ಕ್ಯಾನ್ಸಸ್ ಮತ್ತು ನೆಬ್ರಾಸ್ಕ ಸೀಮೆಗಳ ಆಡಳಿತಕ್ಕಾಗಿ ಮಸೂದೆಯನ್ನು ತಂದನು. ಪೆಸಿಫಿಕ್ ಸಾಗರದವರೆಗೆ ರೈಲುದಾರಿ ಹಾಕಬೇಕೆಂಬ ಆಸೆಯೂ ಅದರ ಹಿಂದೆ ಇದ್ದಿತು. ದಕ್ಷಿಣದ ಮತಗಳಿಗಾಗಿ ೧೮೨೦ರ ಗೆರೆಯನ್ನು ಅಳಿಸಿಹಾಕಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಆಯಾ ಸೀಮೆಯ ನಿವಾಸಿಗಳೇ ಮತದಿಂದ ತೀರ್ಮಾನಿಸಲಿ ಎಂದನು. ಇದಕ್ಕೆ ಅವನು ಕೊಟ್ಟ ಹೆಸರನ್ನು ನಾವು ‘ಜನಪರಮಾಧಿಕಾರ’ವೆನ್ನಬಹುದು. ಹೆಸರು ಕಿವಿಗೆ ಇಂಪು. ಫಲವೋ? ಎರಡು ಕಡೆಯವರೂ ಬಂದೂಕು ಹಿಡಿದು ಕ್ಯಾನ್ಸಸಿಗೆ ನುಗ್ಗಿದರು, ಎರಡು ಶಾಸನಸಭೆಗಳು ಹುಟ್ಟಿದವು, ರಕ್ತ ಹರಿಯಿತು. ೧೮೫೬ರ ಮೇ ತಿಂಗಳಲ್ಲಿ ಆ ವಿಚಾರವಾಗಿ ಬಿರುನುಡಿಯಾಡಿದ ಸೆನೆಟರ್ ಚಾರ್ಲ್ಸ್ ಸಮ್ನರನನ್ನು ದಕ್ಷಿಣ ಕೆರೊಲಿನದ ಪ್ರತಿನಿಧಿಯೊಬ್ಬನು ಸೆನೆಟ್ ಸಭಾಂಗಣದಲ್ಲಿಯೇ ಊರುಗೋಲಿನಿಂದ ಪ್ರಜ್ಞೆ ತಪ್ಪುವಂತೆ ಬಡಿದನು. ಹಳೆಯ ವಿಗ್ ಪಕ್ಷ ಒಡೆದುಹೋಗಿ, ಗುಲಾಮಗಿರಿಯ ವಿಸ್ತರಣವನ್ನು ತಡೆಯಬೇಕೆಂಬ ರಿಪಬ್ಲಿಕನ್ ಪಕ್ಷ ಏರ್ಪಟ್ಟಿತು. ರಾಜಕೀಯವನ್ನು ಬಿಟ್ಟು ವಕೀಲಿಯಲ್ಲಿದ್ದ ಲಿಂಕನ್ನನು ಮತ್ತೆ ವೇದಿಕೆಯೇರಿದ್ದು ಈ ಕಾನೂನಿನಿಂದಲೇ.

೧೮೫೭ರ ಮಾರ್ಚ್ ೬ರಂದು ಸುಪ್ರೀಮ್ ಕೋರ್ಟು ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅವನ ಒಡೆಯನು ಸೈನ್ಯದ ವೈದ್ಯ. ಅವನನ್ನು ಇಲಿನಾಯ್ ಸಂಸ್ಥಾನಕ್ಕೂ ಅದರಾಚೆಯ ಸ್ವತಂತ್ರ ಸೀಮೆಗೂ ಕರೆದೊಯ್ದಿದ್ದನು. ಸ್ವತಂತ್ರ ನೆಲದಲ್ಲಿ ವಾಸಮಾಡಿದ್ದರಿಂದ ತಾನು ಸ್ವತಂತ್ರನೆಂದು ಸ್ಕಾಟನ ವಾದ. ಮುಖ್ಯ ನ್ಯಾಯಾಧೀಶ ಟಾನಿಯು, ಕಪ್ಪು ಜನರು ಈ ದೇಶದ ಪೌರರೇ ಅಲ್ಲ, ಮತ್ತು ಯಾವ ಸೀಮೆಯಲ್ಲಿಯೂ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲ ಎಂದುಬಿಟ್ಟನು. ಈ ತೀರ್ಪಿನಿಂದ ವಾದ ಮುಗಿಯುವುದೆಂದು ಎಣಿಸಿದ್ದವರು ಉಂಟು. ವಾದ ಆಗ ಮೊದಲಾಯಿತು. ಕಾಂಗ್ರೆಸ್ಸಿಗೇ ಇಲ್ಲದ ಅಧಿಕಾರ, ಕಾಂಗ್ರೆಸ್ಸು ಸೃಷ್ಟಿಸಿದ ಸೀಮೆಯ ನಿವಾಸಿಗಳಿಗೆ ಎಲ್ಲಿಂದ ಬರಬೇಕು? ಡಗ್ಲಸನ ಜನಪರಮಾಧಿಕಾರದ ಕೊರಳಿಗೆ ಉರುಳು ಬಿದ್ದಿತು.

ಹೀಗೆ ನಾವು ಆಟವಾದ ಚೌಕಕ್ಕೆ ಹಿಂದಿರುಗುತ್ತೇವೆ. ಏಳು ಸಭೆಗಳು ನಡೆದ ಊರುಗಳು ಆಟವಾ, ಫ್ರೀಪೋರ್ಟ್, ಜೋನ್ಸ್‌ಬರೊ, ಚಾರ್ಲ್ಸ್‌ಟನ್, ಗೇಲ್ಸ್‌ಬರ್ಗ್, ಕ್ವಿನ್ಸಿ, ಆಲ್ಟನ್. ಕಡೆಯದು ಅಕ್ಟೋಬರ್ ೧೫ರಂದು. ಮೊದಲಿನವನಿಗೆ ಒಂದು ಗಂಟೆ, ಎರಡನೆಯವನಿಗೆ ಒಂದೂವರೆ ಗಂಟೆ, ಮತ್ತೆ ಮೊದಲಿನವನಿಗೆ ಪ್ರತ್ಯುತ್ತರಕ್ಕೆ ಅರ್ಧ ಗಂಟೆ. ಇಲಿನಾಯ್ ಉದ್ದವಾದ ಸಂಸ್ಥಾನ. ಉತ್ತರದ ತುದಿಯಲ್ಲಿ ನ್ಯೂ ಇಂಗ್ಲೆಂಡಿನಿಂದ ಬಂದವರು, ದಕ್ಷಿಣದ ತುದಿಯಲ್ಲಿ ಕೆಂಟಕಿ ಟೆನೆಸ್ಸಿಗಳಿಂದ ಬಂದವರು. ಒಂದು ಕಡೆ ಮೆಚ್ಚಿಕೆಯಾಗುವ ಮಾತು ಇನ್ನೊಂದು ಕಡೆ ಕಲ್ಲೇಟು ತರಬಹುದು. ಆದರೆ ಶೀಘ್ರಲಿಪಿಕಾರರು ಪ್ರತಿ ಶಬ್ದವನ್ನೂ ಬರೆದುಕೊಂಡು ರೈಲಿನಲ್ಲಿ ಷಿಕಾಗೋವಿಗೆ ಕಳುಹಿಸುತ್ತಿದ್ದುದರಿಂದ, ಉತ್ತರದಲ್ಲಿ ಒಂದು ನಾಲಗೆ, ದಕ್ಷಿಣದಲ್ಲಿ ಒಂದು ನಾಲಗೆ ಇಟ್ಟುಕೊಳ್ಳುವುದು ಇಬ್ಬರಿಗೂ ಕಷ್ಟವಾಯಿತು. ಪತ್ರಿಕೆಗಳ ನಿಷ್ಪಕ್ಷಪಾತವನ್ನು ಮಾತ್ರ ಕೇಳಬೇಡಿ. ಪ್ರತಿ ಪತ್ರಿಕೆಯೂ ತನ್ನ ನಾಯಕನ ವ್ಯಾಕರಣವನ್ನು ತಿದ್ದಿ, ಎದುರಾಳಿಯ ತೊದಲನ್ನು ಇದ್ದಂತೆಯೇ ಅಚ್ಚುಹಾಕುತ್ತಿದ್ದಿತು.

ಡಗ್ಲಸನ ವಾದವನ್ನು ನಾವು ಹಗುರವಾಗಿ ಕಾಣಬಾರದು. ಜೂನ್ ೧೬ರಂದು ಲಿಂಕನ್ನನು ಸ್ಪ್ರಿಂಗ್‌ಫೀಲ್ಡಿನಲ್ಲಿ ಬೈಬಲಿನ ಮಾತೊಂದನ್ನು ಎತ್ತಿಕೊಂಡು, ತನ್ನಲ್ಲೇ ಒಡೆದ ಮನೆ ನಿಲ್ಲಲಾರದು, ಅರ್ಧ ಗುಲಾಮ ಅರ್ಧ ಸ್ವತಂತ್ರವಾಗಿ ಈ ಸರ್ಕಾರ ಶಾಶ್ವತವಾಗಿ ಬಾಳಲಾರದು ಎಂದಿದ್ದನು. ಡಗ್ಲಸನು ಇದನ್ನು ಹಿಡಿದುಕೊಂಡನು. ಏಕೆ ಬಾಳಲಾರದು? ಹಿರಿಯರು ಹಾಗೆಯೇ ಕಟ್ಟಿದರು, ಎಪ್ಪತ್ತು ವರ್ಷ ಹಾಗೆಯೇ ಬಾಳಿತು, ಬೆಳೆಯಿತು. ದೇಶ ವಿಶಾಲವಾದದ್ದು, ಒಂದೊಂದು ಕಡೆಯ ಮಣ್ಣು, ಬೆಳೆ, ಆಚಾರ ಬೇರೆ ಬೇರೆ, ಎಲ್ಲರೂ ಒಂದೇ ಅಚ್ಚಿನಲ್ಲಿರಬೇಕೆಂಬುದು ದಬ್ಬಾಳಿಕೆ. ನಿಮ್ಮ ಮನೆಯ ವಿಚಾರ ನೀವು ನೋಡಿಕೊಳ್ಳಿ, ಅವರ ಮನೆಯದು ಅವರು ನೋಡಿಕೊಳ್ಳಲಿ. ಆಗ ಒಕ್ಕೂಟ ಎಂದೆಂದಿಗೂ ಉಳಿಯುವುದು. ಗುಲಾಮಗಿರಿಯ ಪರವಾಗಿ ಮತ ಬೀಳಲಿ, ವಿರೋಧವಾಗಿ ಬೀಳಲಿ, ಅದು ತನಗೆ ಒಂದೇ ಎಂದು ಅವನು ಹೇಳಿದನು. ಜೊತೆಗೆ, ಈ ಸರ್ಕಾರವನ್ನು ಬಿಳಿಯರು ಬಿಳಿಯರಿಗಾಗಿ ಮಾಡಿಕೊಂಡರೆಂದು ಪ್ರತಿ ಊರಿನಲ್ಲಿಯೂ ಗಂಟೆ ಬಾರಿಸಿದನು. ಅವನು ಬರಿಯ ಅವಕಾಶವಾದಿಯೆಂದು ಹೇಳುವವರಿಗೆ ಒಂದು ಸಂಗತಿಯನ್ನು ನೆನಪುಮಾಡಬೇಕು. ಕ್ಯಾನ್ಸಸಿನಲ್ಲಿ ಮೋಸದಿಂದ ರಚಿಸಿದ ಗುಲಾಮ ರಾಜ್ಯಾಂಗವನ್ನು ಅಧ್ಯಕ್ಷ ಬುಕ್ಯಾನನ್ನನು ಒಪ್ಪಿಸಹೊರಟಾಗ, ಡಗ್ಲಸನು ತನ್ನ ಪಕ್ಷದ ಅಧ್ಯಕ್ಷನನ್ನೇ ಎದುರಿಸಿ ನಿಂತನು. ಜನರ ಮತವೆಂದ ಮೇಲೆ ಅದು ನಿಜವಾದ ಮತವಾಗಬೇಕೆಂಬ ನಿಷ್ಠೆ ಅವನಲ್ಲಿದ್ದಿತು. ಯಾರ ಮೈಯನ್ನು ಕುರಿತು ಮತ ಹಾಕುತ್ತಿದ್ದರೋ ಅವರಿಗೆ ಮತವಿಲ್ಲವೆಂಬುದು ಮಾತ್ರ ಅವನಿಗೆ ಕಾಣಲಿಲ್ಲ.

ಆಗಸ್ಟ್ ೨೭ರಂದು ಫ್ರೀಪೋರ್ಟಿನಲ್ಲಿ ಲಿಂಕನ್ನನು ಆ ಉರುಳನ್ನು ಎಳೆದನು. ಡ್ರೆಡ್ ಸ್ಕಾಟ್ ತೀರ್ಪಿನ ಮೇಲೂ ಸೀಮೆಯೊಂದರ ನಿವಾಸಿಗಳು ನ್ಯಾಯಬದ್ಧವಾಗಿ ಗುಲಾಮಗಿರಿಯನ್ನು ಹೊರಗಿಡಲು ಸಾಧ್ಯವೇ ಎಂದು ಕೇಳಿದನು. ಡಗ್ಲಸನು, ನ್ಯಾಯಾಲಯ ಏನೇ ಹೇಳಲಿ, ಸ್ಥಳೀಯ ಪೊಲೀಸು ಕಟ್ಟಳೆಗಳ ರಕ್ಷಣೆಯಿಲ್ಲದೆ ಗುಲಾಮಗಿರಿ ಒಂದು ದಿನವೂ ನಿಲ್ಲಲಾರದು; ಆ ಕಟ್ಟಳೆಗಳನ್ನು ಮಾಡದೆ ಇದ್ದರಾಯಿತು ಎಂದನು. ಈ ಪ್ರಶ್ನೆಯಿಂದ ಸೆನೆಟ್ ಸ್ಥಾನವನ್ನು ಕಳೆದುಕೊಂಡರೂ ಚಿಂತೆಯಿಲ್ಲ, ಮುಂದಿನ ಅಧ್ಯಕ್ಷಪದವಿಯ ಮೇಲೆ ಕಣ್ಣಿಟ್ಟಿದ್ದೇನೆಂದು ಲಿಂಕನ್ನನು ಗೆಳೆಯರಿಗೆ ಹೇಳಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಅವನು ದೊಡ್ಡವನಾದ ಮೇಲೆ ಹುಟ್ಟಿದ ಕಥೆಯೆಂದು ನಮಗೆ ತೋರುತ್ತದೆ. ಡಗ್ಲಸನು ಅದೇ ಉತ್ತರವನ್ನು ಹಿಂದೆಯೂ ಕೊಟ್ಟಿದ್ದನು. ಆದರೆ ಫ್ರೀಪೋರ್ಟಿನ ಉತ್ತರ ಅಚ್ಚಾಗಿ ದೇಶವೆಲ್ಲ ಹರಡಿದ್ದರಿಂದ ದಕ್ಷಿಣದವರು ಅವನನ್ನು ಕ್ಷಮಿಸಲಿಲ್ಲವೆಂಬುದು ನಿಜ.

ಅದೇ ಸಭೆಯಲ್ಲಿ ಡಗ್ಲಸನು ತನ್ನ ಹೆಸರಿನವನೇ ಆದ ಫ್ರೆಡರಿಕ್ ಡಗ್ಲಸನನ್ನು ಎಳೆದುತಂದನು. ಈತನು ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ೧೮೩೮ರಲ್ಲಿ ತಪ್ಪಿಸಿಕೊಂಡು, ಅಂದಿನ ಅತಿ ಸಮರ್ಥ ವಾಗ್ಮಿಗಳಲ್ಲಿ ಒಬ್ಬನಾಗಿದ್ದನು. ಹಿಂದೊಮ್ಮೆ ಆ ಊರಿನಲ್ಲಿ ಅವನು ಬಿಳಿಯ ಹೆಂಗಸರ ಜೊತೆಯಲ್ಲಿ ಗಾಡಿಯಲ್ಲಿ ಕುಳಿತಿದ್ದುದನ್ನು ಕಂಡೆನೆಂದು ಹೇಳಿ ಸಭೆಯನ್ನು ಕೆರಳಿಸಲು ಸೆನೆಟರು ಪ್ರಯತ್ನಪಟ್ಟನು. ಏಳು ಸಭೆಗಳಲ್ಲಿಯೂ ಇಪ್ಪತ್ತೊಂದು ಗಂಟೆಗಳ ಕಾಲ ಕಪ್ಪು ಜನರ ವಿಚಾರ ನಡೆಯಿತು. ವೇದಿಕೆಯ ಮೇಲೆ ಒಬ್ಬ ಕಪ್ಪು ಮನುಷ್ಯನೂ ಮಾತನಾಡಲಿಲ್ಲ. ಸ್ವತಂತ್ರ ಸಂಸ್ಥಾನವೆನಿಸಿದ ಇಲಿನಾಯಿಯಲ್ಲಿ ೧೮೫೩ರ ಒಂದು ಕಾನೂನು ಹೊರಗಿನ ಕಪ್ಪು ಜನರು ಬಂದು ನೆಲಸುವುದನ್ನೇ ನಿಷೇಧಿಸಿದ್ದಿತು. ಬಂದು ಹತ್ತು ದಿನ ಮೀರಿ ನಿಂತವನಿಗೆ ೫೦ ಡಾಲರು ದಂಡ. ತೆರಲಾರದಿದ್ದರೆ ಅವನ ದುಡಿಮೆಯನ್ನು ಹರಾಜು ಹಾಕುವುದು. ಅಂಥ ಸಭಿಕರ ಮುಂದೆ ಆಡಿದ ಮಾತುಗಳಿವು ಎಂಬುದನ್ನು ಮರೆಯಬಾರದು.

ಸೆಪ್ಟೆಂಬರ್ ೧೮ರಂದು ಚಾರ್ಲ್ಸ್‌ಟನ್ನಿನಲ್ಲಿ ಲಿಂಕನ್ನನು ಆ ಸಭಿಕರಿಗೆ ತಲೆಬಾಗಿದನು. ಬಿಳಿಯರಿಗೂ ಕರಿಯರಿಗೂ ಸಾಮಾಜಿಕವಾದ, ರಾಜಕೀಯವಾದ ಸಮಾನತೆ ಬರಬೇಕೆಂದು ತಾನು ಎಂದೂ ಹೇಳಿಲ್ಲ. ಅವರಿಗೆ ಮತದ ಹಕ್ಕು, ಪಂಚಾಯತರಾಗುವ ಹಕ್ಕು, ಅಧಿಕಾರ, ಬಿಳಿಯರೊಡನೆ ವಿವಾಹ, ಇವು ಯಾವುವನ್ನೂ ಬಯಸುವುದಿಲ್ಲ ಎಂದನು. ಇದನ್ನು ಮುಚ್ಚಿಡುವ ಚರಿತ್ರಕಾರರು ಉಂಟು. ಇದೊಂದನ್ನೇ ಎತ್ತಿಹಿಡಿಯುವವರೂ ಉಂಟು. ನಾವು ಎರಡನ್ನೂ ಮಾಡಲಾರೆವು. ಇದರ ಹಿಂದಿನ ದಿನವೇ, ಹಿಂದಿನ ವರ್ಷ ಬಿಡುಗಡೆ ಹೊಂದಿದ್ದ ಡ್ರೆಡ್ ಸ್ಕಾಟನು ಮಿಸಿಸಿಪಿ ನದಿಯಾಚೆಯ ಸೇಂಟ್ ಲೂಯಿ ನಗರದಲ್ಲಿ ಕ್ಷಯದಿಂದ ತೀರಿಕೊಂಡಿದ್ದನು. ಸಮಾನತೆಯ ವಿಚಾರದಲ್ಲಿ ಲಿಂಕನ್ನನು ಬಿಟ್ಟುಕೊಡದೆ ಉಳಿಸಿಕೊಂಡ ನೆಲ ಒಂದೇ: ತನ್ನ ಕೈಯಿಂದ ದುಡಿದ ರೊಟ್ಟಿಯನ್ನು ಯಾರ ಅಪ್ಪಣೆಯನ್ನೂ ಕೇಳದೆ ತಿನ್ನುವ ಹಕ್ಕಿನಲ್ಲಿ ಕಪ್ಪು ಮನುಷ್ಯನು ತನಗೂ, ಡಗ್ಲಸನಿಗೂ, ಪ್ರತಿಯೊಬ್ಬನಿಗೂ ಸಮಾನನು ಎಂಬುದು. ಇಂದಿನ ನಮಗೆ ಅದು ಅಂಗೈಯಗಲದ ನೆಲ. ಅಂದು ಅದರ ಮೇಲೆ ನಿಂತು ಚುನಾವಣೆ ಗೆಲ್ಲುವುದು ದುಸ್ತರವಾಗಿದ್ದಿತು.

ಆಲ್ಟನ್ನಿನ ಕಡೆಯ ಸಭೆಯಲ್ಲಿ ವಾದ ತನ್ನ ತಿರುಳನ್ನು ಮುಟ್ಟಿತು. ನದಿಯ ದಂಡೆಯ ಆ ಊರಿನಲ್ಲಿಯೇ ೧೮೩೭ರಲ್ಲಿ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಲವ್‌ಜಾಯ್ ಎಂಬ ಪತ್ರಿಕಾಸಂಪಾದಕನನ್ನು, ತನ್ನ ಮುದ್ರಣಯಂತ್ರವನ್ನು ಕಾಯುತ್ತಿದ್ದಾಗ, ಗುಂಪೊಂದು ಕೊಂದಿದ್ದಿತು. ಲಿಂಕನ್ನನು ಸಭಿಕರಿಗೆ ಕೇಳಿದನು: ಈ ಒಕ್ಕೂಟವನ್ನು ಇದುವರೆಗೆ ಅಲುಗಿಸಿದ್ದು ಬೇರೆ ಯಾವುದಾದರೂ ಉಂಟೇ? ಲೂಸಿಯಾನದ ಕಬ್ಬು, ಇಲಿನಾಯಿಯ ಗೋಧಿ, ವರ್ಜೀನಿಯದ ಮೀನುಗಾರಿಕೆಯ ಕಟ್ಟಳೆ, ಇವು ಬೇರೆ ಬೇರೆಯಾಗಿರುವುದರಿಂದ ಯಾರೂ ಜಗಳವಾಡಲಿಲ್ಲ. ಇಂಥ ಭೇದಗಳು ಒಕ್ಕೂಟವನ್ನು ಬಿಗಿಯುತ್ತವೆ. ಗುಲಾಮಗಿರಿ ಮಾತ್ರ ಆ ಜಾತಿಯದಲ್ಲ. ಅದು ತಪ್ಪೆಂದು ಬಗೆಯುವವರಿಗೂ ತಪ್ಪಲ್ಲವೆಂದು ಬಗೆಯುವವರಿಗೂ ನಡುವಿನ ವ್ಯಾಜ್ಯವಿದು. ನೀನು ದುಡಿದು ರೊಟ್ಟಿ ಸಂಪಾದಿಸು, ನಾನು ತಿನ್ನುತ್ತೇನೆ ಎಂಬ ತತ್ತ್ವವು ಅರಸನ ಬಾಯಿಂದ ಬಂದರೂ ಒಂದು ಜನಾಂಗದ ಬಾಯಿಂದ ಬಂದರೂ ಒಂದೇ ಎಂದನು. ತಪ್ಪೆಂದು ತಿಳಿದ ಮೇಲೆ ಅದರ ವಿಚಾರದಲ್ಲಿ ನನಗೆ ಎರಡೂ ಒಂದೇ ಎನ್ನುವುದು ಸಾಧ್ಯವಿಲ್ಲ. ಡಗ್ಲಸನು ಹಾಗೆ ಅನ್ನಬಲ್ಲನಾದರೆ ಅವನಿಗೆ ಅದರಲ್ಲಿ ತಪ್ಪು ಕಾಣಿಸಿಲ್ಲವೆಂದೇ ಅರ್ಥ. ನಮಗೆ ತೋರುವಂತೆ ಏಳು ಸಭೆಗಳ ಪೈಕಿ ಡಗ್ಲಸನಿಗೆ ಉತ್ತರ ದೊರೆಯದೆ ಹೋದದ್ದು ಈ ಒಂದು ಮಾತಿಗೆ.

ಚುನಾವಣೆಯಲ್ಲಿ ಗೆದ್ದವನು ಡಗ್ಲಸನೇ. ೧೮೫೯ರ ಜನವರಿಯಲ್ಲಿ ಶಾಸನಸಭೆ ೫೪ಕ್ಕೆ ೪೬ ಮತಗಳಿಂದ ಅವನನ್ನು ಆರಿಸಿತು. ಸೋತ ಲಿಂಕನ್ನನು ಪತ್ರಿಕೆಗಳ ವರದಿಗಳನ್ನು ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿದನು. ತನ್ನ ಭಾಷಣಗಳನ್ನು ತನ್ನ ಪಕ್ಷದ ಪತ್ರಿಕೆಯಿಂದ ತೆಗೆದುಕೊಂಡಂತೆ ಡಗ್ಲಸನವನ್ನು ಡಗ್ಲಸನ ಪಕ್ಷದ ಪತ್ರಿಕೆಯಿಂದಲೇ ತೆಗೆದುಕೊಂಡನು. ವಕೀಲನ ಪ್ರಾಮಾಣಿಕತೆಯೂ ಜಾಣತನವೂ ಇಲ್ಲಿ ಒಂದಾಗಿವೆ. ೧೮೬೦ರಲ್ಲಿ ಒಹಾಯೊದ ಕೊಲಂಬಸ್ ನಗರದಲ್ಲಿ ಅದು ಅಚ್ಚಾಗಿ ಸಾವಿರಗಟ್ಟಲೆ ಮಾರಾಟವಾಯಿತು.

ಅದೇ ವರ್ಷ ಏಪ್ರಿಲಿನಲ್ಲಿ ಡೆಮೊಕ್ರಾಟ್ ಪಕ್ಷದ ಮಹಾಸಭೆ ಇನ್ನೊಂದು ಚಾರ್ಲ್ಸ್‌ಟನ್ನಿನಲ್ಲಿ, ಅಂದರೆ ದಕ್ಷಿಣ ಕೆರೊಲಿನದಲ್ಲಿ, ಕೂಡಿತು. ಸೀಮೆಗಳಲ್ಲಿ ಗುಲಾಮಗಿರಿಗೆ ಕೇಂದ್ರ ಸರ್ಕಾರವೇ ರಕ್ಷಣೆ ಕೊಡಬೇಕೆಂದು ದಕ್ಷಿಣದವರು ಹಟ ಹಿಡಿದರು. ಡಗ್ಲಸನ ಕಡೆಯವರು ಒಪ್ಪಲಿಲ್ಲ. ದಕ್ಷಿಣದ ಹಲವು ಸಂಸ್ಥಾನಗಳ ಪ್ರತಿನಿಧಿಗಳು ಎದ್ದುಹೋದರು. ಪಕ್ಷ ಎರಡಾಯಿತು. ದೇಶಕ್ಕಿಂತ ಮೊದಲು ಒಡೆದದ್ದು ಪಕ್ಷವೆಂಬುದನ್ನು ಗಮನಿಸಬೇಕು. ನಾಲ್ವರು ಸ್ಪರ್ಧಿಸಿದ ನವೆಂಬರಿನ ಚುನಾವಣೆಯಲ್ಲಿ ಲಿಂಕನ್ನನು ಒಟ್ಟು ಮತಗಳಲ್ಲಿ ನೂರಕ್ಕೆ ನಲವತ್ತನ್ನೂ ಪಡೆಯದೆ, ಆದರೂ ನಿಯಮದ ಪ್ರಕಾರ ಸ್ಪಷ್ಟವಾಗಿ, ಅಧ್ಯಕ್ಷನಾದನು. ಡಿಸೆಂಬರ್ ೨೦ರಂದು ದಕ್ಷಿಣ ಕೆರೊಲಿನ ಒಕ್ಕೂಟವನ್ನು ಬಿಟ್ಟಿತು. ಅವನು ಪ್ರಮಾಣವಚನ ಸ್ವೀಕರಿಸುವ ವೇಳೆಗೆ ಏಳು ಸಂಸ್ಥಾನಗಳು ಬಿಟ್ಟಿದ್ದವು.

ಒಕ್ಕೂಟವನ್ನು ಉಳಿಸಿಕೊಳ್ಳಲು ಏನನ್ನು ಕೊಡಬಹುದು, ಏನನ್ನು ಕೊಡಲಾಗದು ಎಂಬುದು ಆ ಚಳಿಗಾಲದಲ್ಲಿ ತಕ್ಕಡಿಗೆ ಬಿದ್ದಿತು. ಗುಲಾಮಗಿರಿ ಇರುವ ಸಂಸ್ಥಾನಗಳಲ್ಲಿ ಕಾಂಗ್ರೆಸ್ಸು ಎಂದಿಗೂ ಕೈಹಾಕದಂತೆ ರಾಜ್ಯಾಂಗಕ್ಕೆ ಒಂದು ತಿದ್ದುಪಡಿಯನ್ನು ಎರಡೂ ಸಭೆಗಳು ಅಂಗೀಕರಿಸಿದವು; ಲಿಂಕನ್ನನು ತನ್ನ ಆಕ್ಷೇಪವಿಲ್ಲವೆಂದನು. ಅಷ್ಟು ದೂರ ಅವನು ಹೋದನು! ಆದರೆ ೩೬ ಡಿಗ್ರಿ ೩೦ರ ಗೆರೆಯನ್ನು ಮತ್ತೆ ಎಳೆದು ಅದರ ದಕ್ಷಿಣಕ್ಕೆ ಹೊಸ ಭೂಮಿಯಲ್ಲಿ ಗುಲಾಮಗಿರಿಯನ್ನು ಬಿಡಬೇಕೆಂಬ ಸಂಧಾನಕ್ಕೆ ಒಪ್ಪಲಿಲ್ಲ. ಯುದ್ಧ ನಡೆದದ್ದು ಸಂಸ್ಥಾನಗಳ ಹಕ್ಕಿಗಾಗಿ ಮಾತ್ರ, ಗುಲಾಮಗಿರಿಗಾಗಿ ಅಲ್ಲವೆಂದು ಆಮೇಲೆ ಬರೆದವರು ಬಹಳ. ಪ್ರತ್ಯೇಕವಾದ ದಕ್ಷಿಣದ ಉಪಾಧ್ಯಕ್ಷ ಅಲೆಗ್ಜಾಂಡರ್ ಸ್ಟೀಫನ್ಸನು ೧೮೬೧ರ ಮಾರ್ಚ್ ೨೧ರಂದು ಸವಾನಾ ನಗರದಲ್ಲಿ, ಕಪ್ಪು ಮನುಷ್ಯನು ಬಿಳಿಯನಿಗೆ ಸಮಾನನಲ್ಲ, ದಾಸ್ಯವೇ ಅವನ ಸಹಜಸ್ಥಿತಿ ಎಂಬುದೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲೆಂದು ಬಹಿರಂಗವಾಗಿ ಸಾರಿದ್ದನು. ಆ ಭಾಷಣವನ್ನು ಓದಿದವರಿಗೆ ಬೇರೆ ಸಾಕ್ಷಿ ಬೇಕಾಗದು.

ಏಪ್ರಿಲ್ ೧೨ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಡಗ್ಲಸನು ಅಧ್ಯಕ್ಷನನ್ನು ಕಂಡು ಬೆಂಬಲವನ್ನು ತಿಳಿಸಿ, ಸ್ಪ್ರಿಂಗ್‌ಫೀಲ್ಡಿಗೆ ಬಂದು ಏಪ್ರಿಲ್ ೨೫ರಂದು ಅದೇ ಶಾಸನಸಭೆಯ ಮುಂದೆ, ಪಕ್ಷವನ್ನು ಮರೆತು ದೇಶದ ಧ್ವಜದ ಹಿಂದೆ ನಿಲ್ಲಿರೆಂದು ಬೇಡಿಕೊಂಡನು. ಹಿಂದಿನ ಅಕ್ಟೋಬರಿನಲ್ಲಿಯೇ, ಲಿಂಕನ್ನನ ಗೆಲವು ಖಚಿತವೆಂದು ತಿಳಿದೊಡನೆ, ತನ್ನ ಚುನಾವಣೆಯನ್ನು ಬಿಟ್ಟು ದಕ್ಷಿಣಕ್ಕೆ ಹೋಗಿ ಒಕ್ಕೂಟವನ್ನು ಮುರಿಯಬೇಡಿರೆಂದು ಊರೂರಿನಲ್ಲಿ ಹೇಳಿದ್ದನು. ಆ ದಣಿವಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. ಜೂನ್ ೩ರಂದು ಷಿಕಾಗೋವಿನಲ್ಲಿ ತೀರಿಕೊಂಡನು, ವಯಸ್ಸು ೪೮.

ನಾಲ್ಕು ವರ್ಷಗಳ ಯುದ್ಧದಲ್ಲಿ ಮಡಿದವರು ಆರು ಲಕ್ಷ ಇಪ್ಪತ್ತು ಸಾವಿರವೆಂಬುದು ಹಳೆಯ ಲೆಕ್ಕ. ಈಚಿನ ಎಣಿಕೆಗಳು ಅದಕ್ಕಿಂತ ಹೆಚ್ಚೆನ್ನುತ್ತವೆ. ಒಕ್ಕೂಟದ ಸೈನ್ಯದಲ್ಲಿ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ಕಪ್ಪು ಸೈನಿಕರು ಸೇವೆಮಾಡಿದರು. ೧೮೬೫ರ ಏಪ್ರಿಲ್ ೧೧ರಂದು ಲಿಂಕನ್ನನು ತನ್ನ ಕಡೆಯ ಬಹಿರಂಗ ಭಾಷಣದಲ್ಲಿ, ಆ ಸೈನಿಕರಿಗೂ ವಿದ್ಯಾವಂತರಾದ ಕಪ್ಪು ಜನರಿಗೂ ಮತದ ಹಕ್ಕು ದೊರೆತರೆ ತನಗೆ ಸಮ್ಮತವೆಂದನು. ಚಾರ್ಲ್ಸ್‌ಟನ್ನಿನ ವೇದಿಕೆಯಿಂದ ಅಲ್ಲಿಗೆ ಏಳು ವರ್ಷವೂ ತುಂಬಿರಲಿಲ್ಲ. ಅದನ್ನು ಕೇಳಿದವರ ಗುಂಪಿನಲ್ಲಿ ಜಾನ್ ವಿಲ್ಕ್ಸ್ ಬೂತನೂ ಇದ್ದನು; ಮೂರು ದಿನಗಳ ಮೇಲೆ ಅವನು ಪಿಸ್ತೂಲು ಹಾರಿಸಿದನು.

ಗುಲಾಮಗಿರಿಯನ್ನು ದೇಶವೆಲ್ಲದರಲ್ಲಿಯೂ ತೆಗೆದುಹಾಕುವ ಹದಿಮೂರನೆಯ ತಿದ್ದುಪಡಿ ಅದೇ ವರ್ಷ ಜನವರಿ ೩೧ರಂದು ಪ್ರತಿನಿಧಿಸಭೆಯಲ್ಲಿ ಅಂಗೀಕೃತವಾಗಿದ್ದಿತು. ಮರುದಿನವೇ, ಫೆಬ್ರವರಿ ೧ರಂದು, ಎಲ್ಲ ಸಂಸ್ಥಾನಗಳಿಗಿಂತ ಮೊದಲು ಅದಕ್ಕೆ ಒಪ್ಪಿಗೆ ಕೊಟ್ಟದ್ದು ಇಲಿನಾಯಿಯ ಶಾಸನಸಭೆ. ಕಪ್ಪು ಜನರು ಗಡಿ ದಾಟಿ ಬರಕೂಡದೆಂಬ ೧೮೫೩ರ ತನ್ನ ಕಾನೂನನ್ನು ಅದೇ ತಿಂಗಳಲ್ಲಿ ಅದು ರದ್ದುಮಾಡಿತು.